ಆಸ್ಪತ್ರೆಯ ವಕೀಲರು ನರ್ಸಿನ ವಕೀಲರೂ ಹೌದೇ?

ಕೆಲವು ವರ್ಷಗಳ ಹಿಂದೆ ನಾನು ಐಸಿಯು ಇನ್‌ಚಾರ್ಜ್ ಆಗಿದ್ದ ಖಾಸಗಿ ಆಸ್ಪತ್ರೆಯೊಂದರಲ್ಲಿ, ರಾತ್ರಿ ಪಾಳಿಯ ಕಿರಿಯ ನರ್ಸೊಬ್ಬಳ ಆರೈಕೆಯಲ್ಲಿದ್ದ ವಯಸ್ಸಾದ ರೋಗಿಯೊಬ್ಬರ ಮುಂಗೈಯಲ್ಲಿ ನಾರ್‌ಅಡ್ರಿನಲಿನ್ ಔಷಧಿ ರಕ್ತನಾಳದಿಂದ ಹೊರಗೆ ಸೋರಿತು. ರಕ್ತದೊತ್ತಡ ಕುಸಿದವರಿಗೆ ಕೊಡುವ ಈ ಔಷಧಿಯನ್ನು ಸಾಧ್ಯವಾದಷ್ಟೂ ದೊಡ್ಡ ರಕ್ತನಾಳಕ್ಕೆ ಹಾಕಿದ ಸೆಂಟ್ರಲ್ ಲೈನ್ ಮೂಲಕ ಕೊಡಬೇಕು. ಕೈಯ ಸಣ್ಣ ನಾಳದಿಂದ ಅದು ಸೋರಿದರೆ ಸುತ್ತಲಿನ ರಕ್ತನಾಳಗಳು ಸಂಕುಚಿತಗೊಂಡು, ಚರ್ಮಕ್ಕೆ ರಕ್ತ ಸಿಗದೆ ಅದು ಕಪ್ಪಾಗಿ ಸಾಯಬಹುದು. ಆ ರಾತ್ರಿ ರೋಗಿಗೆ ಸೆಂಟ್ರಲ್ ಲೈನ್ ಹಾಕಿರಲಿಲ್ಲ. ಅವಳ ಪಾಲಿಗೆ ಮೂವರು ರೋಗಿಗಳಿದ್ದರು, ಅವರಲ್ಲಿ ಇಬ್ಬರು ವೆಂಟಿಲೇಟರ್ ಮೇಲಿದ್ದರು. ವೆಂಟಿಲೇಟರ್ ರೋಗಿ ಒಬ್ಬರಿಗೆ ಒಬ್ಬ ನರ್ಸ್ ಇರಬೇಕೆಂದು ನಾವೆಲ್ಲರೂ ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದವರೇ. ಬೆಳಗಿನ ಹ್ಯಾಂಡೋವರ್ ಹೊತ್ತಿಗೆ ಆ ಮುಂಗೈ ಬಿಳಿಚಿಕೊಂಡು ತಣ್ಣಗಾಗಿತ್ತು. ಕೆಲವು ವಾರಗಳ ನಂತರ ತೊಡೆಯ ಚರ್ಮ ತೆಗೆದು ಅಲ್ಲಿಗೆ ಕಸಿ ಮಾಡಬೇಕಾಯಿತು.

ಕುಟುಂಬದವರು ವಕೀಲರಿಂದ ನೋಟಿಸ್ ಕಳಿಸಿದರು. ಅವರ ನೋವು ನ್ಯಾಯವಾದದ್ದು, ಅದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ನನ್ನನ್ನು ಇಂದಿಗೂ ಕಾಡುವುದು ಅದರ ನಂತರ ನಡೆದದ್ದು. ಆಡಳಿತ ಕಚೇರಿಯವರು ಆ ಹುಡುಗಿಯನ್ನು ಕರೆಸಿ, ಮೊದಲೇ ಟೈಪ್ ಮಾಡಿಟ್ಟಿದ್ದ ಹೇಳಿಕೆಯೊಂದಕ್ಕೆ ಸಹಿ ಹಾಕಿಸಿಕೊಂಡರು. ಕೈಗೆ ಹಾಕಿದ ಲೈನನ್ನು ಗಂಟೆಗೊಮ್ಮೆ ಪರೀಕ್ಷಿಸಬೇಕೆಂಬ ನಿಯಮವನ್ನು ಕರ್ತವ್ಯದಲ್ಲಿದ್ದ ನರ್ಸ್ ಪಾಲಿಸಲಿಲ್ಲ ಎಂಬ ಒಂದು ಸಾಲು ಅದರಲ್ಲಿತ್ತು, ಆದರೆ ಮೂವರು ರೋಗಿಗಳ ವಿಷಯವಾಗಲಿ, ಸೆಂಟ್ರಲ್ ಲೈನ್ ಹಾಕದಿದ್ದ ವಿಷಯವಾಗಲಿ ಇರಲಿಲ್ಲ. ಆಸ್ಪತ್ರೆಯ ವಕೀಲರು ಕಳಿಸಿದ ಉತ್ತರ ಆ ಹೇಳಿಕೆಯ ಮೇಲೆಯೇ ನಿಂತಿತ್ತು. ಮರುದಿನ ಅದರ ಪ್ರತಿಯನ್ನು ನನ್ನ ಕೈಗಿಟ್ಟು ಅವಳು ಕೇಳಿದ್ದು ಒಂದೇ ಮಾತು: "ಅಕ್ಕಾ, ಅವರು ನಮ್ಮ ವಕೀಲರಲ್ವಾ?" ನನ್ನ ಬಳಿ ಉತ್ತರವಿರಲಿಲ್ಲ. ಕೊನೆಗೆ ಆಸ್ಪತ್ರೆ ಕುಟುಂಬದವರೊಂದಿಗೆ ರಾಜಿ ಮಾಡಿಕೊಂಡಿತು. ಅವಳ ಎರಡು ತಿಂಗಳ ಸಂಬಳ ಹೋಯಿತು, ಅನುಭವ ಪತ್ರ ಬಹಳ ದಿನ ಸಿಗಲಿಲ್ಲ.

ನರ್ಸುಗಳು ತಮ್ಮದೇ ವೃತ್ತಿ ಹೊಣೆಗಾರಿಕೆ ವಿಮೆ, ಅಂದರೆ ವಿಮಾ ಏಜೆಂಟರು ಇಂಡೆಮ್ನಿಟಿ ಪಾಲಿಸಿ ಎನ್ನುವುದನ್ನು, ಮಾಡಿಸಿಕೊಳ್ಳಬೇಕೇ ಎಂದು ಕಿರಿಯರು ನನ್ನನ್ನು ಆಗಾಗ ಕೇಳುತ್ತಾರೆ. ಆ ಪ್ರಶ್ನೆಗೆ ಸರಿಯಾಗಿ ಉತ್ತರಿಸಬೇಕೆಂದೇ ನಾನು ಕಾನೂನಿನ ಪುಸ್ತಕಗಳನ್ನೂ ಪಾಲಿಸಿಯ ಷರತ್ತುಗಳನ್ನೂ ಓದಲು ಆರಂಭಿಸಿದೆ. ಓದಿದ ಮೇಲೆ ಮೊದಲು ಒಪ್ಪಿಕೊಳ್ಳಬೇಕಾದ ಸಂಗತಿಯೆಂದರೆ, ಬೇಡ ಎನ್ನುವವರ ವಾದ ದುರ್ಬಲವಾದುದಲ್ಲ. ನಮ್ಮ ದೇಶದಲ್ಲಿ ನರ್ಸಿನ ತಪ್ಪಿಗೆ ಪರಿಹಾರ ಕೊಡುವ ಹೊರೆಯನ್ನು ನ್ಯಾಯಾಲಯಗಳು ಬಹುಪಾಲು ಆಸ್ಪತ್ರೆಯ ಮೇಲೆಯೇ ಹೊರಿಸಿವೆ.

ಸುಪ್ರೀಂ ಕೋರ್ಟ್ 1998ರಲ್ಲಿ ತೀರ್ಮಾನಿಸಿದ ಸ್ಪ್ರಿಂಗ್ ಮೆಡೋಸ್ ಪ್ರಕರಣವನ್ನು ಪ್ರತಿಯೊಬ್ಬ ನರ್ಸೂ ತಿಳಿದಿರಬೇಕು. ಟೈಫಾಯ್ಡ್ ಎಂದು ದಾಖಲಾಗಿದ್ದ ಮಗುವಿಗೆ ವೈದ್ಯರು ಕ್ಲೋರೊಮೈಸೆಟಿನ್ ಬರೆದಿದ್ದರೆ, ನರ್ಸ್ ಮಲೇರಿಯಾಕ್ಕೆ ಕೊಡುವ ಲಾರಿಯಾಗೊ ಇಂಜೆಕ್ಷನ್ ತರಿಸಿ ನೇರವಾಗಿ ರಕ್ತನಾಳಕ್ಕೆ ಕೊಟ್ಟರು. ಮಗು ಕುಸಿದುಬಿತ್ತು, ಮೆದುಳಿಗೆ ಸರಿಪಡಿಸಲಾಗದ ಹಾನಿಯಾಯಿತು. ಆ ನರ್ಸ್ ಅರ್ಹತೆ ಪಡೆದು ನೋಂದಾಯಿಸಿಕೊಂಡವರಾಗಿರಲಿಲ್ಲ. ಅಂಥವರ ಕೈಗೆ ಇಂಜೆಕ್ಷನ್ ಕೊಟ್ಟ ವೈದ್ಯರದೂ ತಪ್ಪು, ಅವರಿಬ್ಬರನ್ನೂ ಕೆಲಸಕ್ಕಿಟ್ಟುಕೊಂಡ ಆಸ್ಪತ್ರೆಯೇ ಹೊಣೆ ಎಂದು ನ್ಯಾಯಾಲಯ ಹೇಳಿತು. ಮಗುವಿಗೆ 12.5 ಲಕ್ಷ, ತಂದೆ ತಾಯಿಯ ಮಾನಸಿಕ ಯಾತನೆಗೆ 5 ಲಕ್ಷ ರೂಪಾಯಿಗಳ ಪರಿಹಾರ ಉಳಿಯಿತು. ಇದಕ್ಕೂ ಎರಡು ವರ್ಷ ಮೊದಲು, 1996ರಲ್ಲಿ, ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ 1963ರಷ್ಟು ಹಿಂದೆ ಸಂತಾನಹರಣ ಶಸ್ತ್ರಚಿಕಿತ್ಸೆಯ ವೇಳೆ ಹೊಟ್ಟೆಯೊಳಗೆ ಟವೆಲ್ ಉಳಿದು ಮಹಿಳೆಯೊಬ್ಬರು ತೀರಿಹೋದ ಪ್ರಕರಣದಲ್ಲಿ, ತಪ್ಪು ಸಿಬ್ಬಂದಿಯಲ್ಲಿ ಯಾರದೇ ಆಗಿದ್ದರೂ ರಾಜ್ಯ ಸರ್ಕಾರವೇ ಪರಿಹಾರ ಕೊಡಬೇಕೆಂದು ಅದೇ ನ್ಯಾಯಾಲಯ ತೀರ್ಪಿತ್ತಿತ್ತು. ಆಪರೇಷನ್ ಥಿಯೇಟರಿನಲ್ಲಿ ಮಾಪ್, ಅಂದರೆ ರಕ್ತ ಒರೆಸುವ ಬಟ್ಟೆಗಳನ್ನು, ಎಣಿಸಿ ಲೆಕ್ಕ ಒಪ್ಪಿಸುವವರು ನಾವೇ ಆದ್ದರಿಂದ ಈ ತೀರ್ಪನ್ನು ಓದುವಾಗ ನನ್ನ ಎದೆ ಬಡಿದುಕೊಂಡಿತು. ಸವಿತಾ ಗಾರ್ಗ್ ಪ್ರಕರಣದ 2004ರ ತೀರ್ಪಂತೂ, ದೂರು ಕೊಡುವವರು ಚಿಕಿತ್ಸೆ ನೀಡಿದ ಪ್ರತಿಯೊಬ್ಬ ವೈದ್ಯರನ್ನೂ ಸಿಬ್ಬಂದಿಯನ್ನೂ ಹುಡುಕಿ ಪ್ರತಿವಾದಿಗಳನ್ನಾಗಿ ಮಾಡಬೇಕಾಗಿಲ್ಲ, ಆಸ್ಪತ್ರೆಯೊಂದನ್ನು ಮಾಡಿದರೆ ಸಾಕು ಎಂದು ಸ್ಪಷ್ಟವಾಗಿ ಹೇಳಿದೆ.

ಹೀಗಿರುವಾಗ ನರ್ಸಿಗೆ ಪ್ರತ್ಯೇಕ ವಿಮೆ ಏಕೆ? ಪರಿಹಾರದ ಹಣಕ್ಕಾಗಿ ಎಂಬುದಷ್ಟೇ ಉತ್ತರವಾಗಿದ್ದರೆ, ಬೇಡ ಎಂದೇ ನಾನೂ ಹೇಳುತ್ತಿದ್ದೆ. ಆದರೆ ರೋಗಿಗೆ ಹಣ ಯಾರು ಕೊಡುತ್ತಾರೆ ಎಂಬುದೂ, ವಿಚಾರಣೆಯಲ್ಲಿ ನರ್ಸಿನ ಪರವಾಗಿ ಮಾತನಾಡುವವರು ಯಾರು ಎಂಬುದೂ ಬೇರೆ ಬೇರೆ ಪ್ರಶ್ನೆಗಳು. ಆಸ್ಪತ್ರೆಯ ವಕೀಲರಿಗೆ ಶುಲ್ಕ ಕೊಡುವುದು ಆಸ್ಪತ್ರೆ ಅಥವಾ ಅದರ ವಿಮಾ ಕಂಪನಿ. ವ್ಯವಸ್ಥೆ ಸರಿಯಾಗಿತ್ತು, ವ್ಯಕ್ತಿ ತಪ್ಪಿದಳು ಎಂದು ತೋರಿಸುವುದು ಆಸ್ಪತ್ರೆಗೆ ಅನುಕೂಲವಾದಾಗ, ಆ ವಕೀಲರು ಅದನ್ನೇ ಹೇಳುತ್ತಾರೆ. ಅದು ಅವರ ವೃತ್ತಿಧರ್ಮವೇ ಹೊರತು ದ್ರೋಹವಲ್ಲ. ವ್ಯವಸ್ಥೆಯೇ ಸರಿಯಿರಲಿಲ್ಲ ಎಂದು ಹೇಳಬೇಕಾದ ನರ್ಸಿಗೆ ಮಾತ್ರ ಆ ಕೊಠಡಿಯಲ್ಲಿ ತನ್ನವರೆಂದು ಯಾರೂ ಇರುವುದಿಲ್ಲ.

ಹಣದ ವಿಷಯವೂ ರೋಗಿಗೆ ಪರಿಹಾರ ಕೊಟ್ಟಲ್ಲಿಗೆ ಮುಗಿಯುವುದಿಲ್ಲ. ನೌಕರನ ತಪ್ಪಿನಿಂದ ತಾನು ತೆತ್ತ ಹಣವನ್ನು ಮಾಲೀಕನು ನೌಕರನಿಂದಲೇ ವಸೂಲು ಮಾಡಬಹುದು ಎಂಬ ತತ್ವ ಹಳೆಯದು. ಇಂಗ್ಲೆಂಡಿನಲ್ಲಿ 1957ರಲ್ಲಿ ಲಾರಿ ಚಾಲಕನೊಬ್ಬ, ತನ್ನ ಲಾರಿಯಿಂದ ಗಾಯಗೊಂಡ ಸ್ವಂತ ತಂದೆಗೆ ಮಾಲೀಕನ ವಿಮಾ ಕಂಪನಿ ಕೊಟ್ಟ ಪರಿಹಾರವನ್ನು ಮರಳಿಸಬೇಕೆಂದು ತೀರ್ಪಾದದ್ದು ಈ ತತ್ವದ ಮೇಲೆಯೇ. ನಮ್ಮ ರಾಜ್ಯ ಸರ್ಕಾರದ ನೌಕರಿಯಲ್ಲಿರುವ ಶುಶ್ರೂಷಾಧಿಕಾರಿಗಳಿಗೆ ಅನ್ವಯಿಸುವ 1957ರ ಶಿಸ್ತು ನಿಯಮಗಳಲ್ಲಿಯೂ, ನೌಕರರ ನಿರ್ಲಕ್ಷ್ಯದಿಂದ ಸರ್ಕಾರಕ್ಕಾದ ನಷ್ಟವನ್ನು ವೇತನದಿಂದ ವಸೂಲು ಮಾಡುವುದು ದಂಡನೆಗಳಲ್ಲೊಂದು. ಆದರೂ ಸರ್ಕಾರಿ ಸೇವೆಯಲ್ಲಿರುವವರಿಗೆ ವಿಚಾರಣೆಯ ಕ್ರಮವಿದೆ, ಉತ್ತರ ಕೊಡಲು ಕಾಲಾವಕಾಶವಿದೆ, ಬೆನ್ನಿಗೆ ಸಂಘವಿದೆ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆಗಳು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲವೆಂದು 1995ರ ವಿ. ಪಿ. ಶಾಂತಾ ತೀರ್ಪು ಹೇಳಿರುವುದರಿಂದ ದೂರುಗಳ ದಾರಿಯೂ ಬೇರೆ. ಆದ್ದರಿಂದ ನನ್ನ ಚಿಂತೆ ಮುಖ್ಯವಾಗಿ ಖಾಸಗಿ ಆಸ್ಪತ್ರೆಯವರದು, ಅದಕ್ಕಿಂತ ಹೆಚ್ಚಾಗಿ ಮನೆಗಳಿಗೆ ಹೋಗಿ ಕೆಲಸ ಮಾಡುವವರದು.

ಬೆಂಗಳೂರಿನಲ್ಲಿ ಇಂದು ಹೋಮ್ ನರ್ಸಿಂಗ್ ಏಜೆನ್ಸಿಗಳ ಮೂಲಕ ಟ್ರೇಕಿಯಾಸ್ಟಮಿ (ಉಸಿರಾಟಕ್ಕೆ ಕುತ್ತಿಗೆಯಲ್ಲಿ ಮಾಡಿದ ರಂಧ್ರ) ಇರುವ, ಮೂಗಿನ ನಳಿಕೆಯಲ್ಲಿ ಆಹಾರ ತೆಗೆದುಕೊಳ್ಳುವ, ಮನೆಯಲ್ಲೇ ವೆಂಟಿಲೇಟರ್ ಇಟ್ಟುಕೊಂಡ ರೋಗಿಗಳನ್ನು ಒಬ್ಬಳೇ ನರ್ಸ್ ಹನ್ನೆರಡು ಗಂಟೆ ನೋಡಿಕೊಳ್ಳುತ್ತಾಳೆ. ಅಲ್ಲಿ ಕರೆದರೆ ಬರುವ ಡ್ಯೂಟಿ ಡಾಕ್ಟರ್ ಇಲ್ಲ, ಎರಡನೆಯ ನರ್ಸ್ ಇಲ್ಲ, ಔಷಧಿಯ ಆದೇಶ ಬರುವುದು ಬಹಳ ಸಲ ವಾಟ್ಸಾಪಿನಲ್ಲಿ. ಇವರಲ್ಲಿ ಹಲವರ ಕಾಗದಪತ್ರಗಳನ್ನು ನಾನು ನೋಡಿದ್ದೇನೆ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಸಂಬಳದ ಬದಲು ವೃತ್ತಿಪರ ಶುಲ್ಕವೆಂದು ಟಿಡಿಎಸ್ ಕಡಿದು ಹಣ ಕೊಡುತ್ತಾರೆ. ಈ ಒಂದು ಅಂಶದ ತೂಕ ಎಷ್ಟೆಂಬುದು ಅವರಿಗೆ ತಿಳಿದಿರುವುದಿಲ್ಲ. ನೌಕರಳ ತಪ್ಪಿಗೆ ಮಾಲೀಕ ಹೊಣೆ ಎಂಬ ರಕ್ಷಣೆ ನೌಕರಳಿಗೆ ಸಿಗುವಂಥದ್ದು. ಕಾಗದದ ಮೇಲೆ ನೀವು ಸ್ವತಂತ್ರ ಸೇವೆ ಒದಗಿಸುವವರಾಗಿದ್ದರೆ, ತೊಂದರೆಯಾದ ದಿನ ಏಜೆನ್ಸಿ ಮೊದಲು ಹೊರತೆಗೆಯುವ ಕಾಗದ ಅದೇ. ನ್ಯಾಯಾಲಯ ಕೊನೆಗೆ ಆ ವಾದವನ್ನು ಒಪ್ಪದಿರಬಹುದು, ಆದರೆ ಅಲ್ಲಿಯವರೆಗೆ ವಾದಿಸಲು ವಕೀಲರು ಬೇಕಲ್ಲವೇ? ಹೀಗೆ ಕೆಲಸ ಮಾಡುವವರು ತಮ್ಮದೇ ಪಾಲಿಸಿ ಇಲ್ಲದೆ ಮನೆಯೊಂದರ ಹೊಸ್ತಿಲು ದಾಟಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಂಗೆಡಿಸಿದ್ದು ಕ್ರಿಮಿನಲ್ ಕಾನೂನು. ಹಳೆಯ ದಂಡ ಸಂಹಿತೆಯ 304ಎ ಕಲಮಿನಲ್ಲಿ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಯಾರಿಗೇ ಆಗಲಿ ಗರಿಷ್ಠ ಎರಡು ವರ್ಷಗಳ ಶಿಕ್ಷೆಯಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಆ ಗರಿಷ್ಠ ಮಿತಿಯನ್ನು ಐದು ವರ್ಷಕ್ಕೆ ಏರಿಸಿ, ವೈದ್ಯಕೀಯ ಪ್ರಕ್ರಿಯೆ ನಡೆಸುತ್ತಿರುವ ನೋಂದಾಯಿತ ವೈದ್ಯರಿಗೆ ಮಾತ್ರ ಎರಡು ವರ್ಷವೆಂದು ಉಳಿಸಿತು. ನೋಂದಾಯಿತ ವೈದ್ಯರೆಂದರೆ ಯಾರು ಎಂಬ ವಿವರಣೆ ಅಲ್ಲಿಯೇ ಇದೆ: ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯಡಿ ಮಾನ್ಯವಾದ ಅರ್ಹತೆಯುಳ್ಳವರು, ವೈದ್ಯರ ನೋಂದಣಿ ಪುಸ್ತಕದಲ್ಲಿ ಹೆಸರಿರುವವರು. ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡ ನಾವು ಆ ವಿವರಣೆಯೊಳಗೆ ಬರುವುದಿಲ್ಲ. ಒಂದೇ ಮಂಚದ ಪಕ್ಕದಲ್ಲಿ, ಒಂದೇ ಪ್ರಕ್ರಿಯೆಯಲ್ಲಿ ವೈದ್ಯರೂ ನರ್ಸೂ ತಪ್ಪಿದರೆ, ಪುಸ್ತಕದಲ್ಲಿ ಬರೆದಿರುವಂತೆ ನರ್ಸಿಗೆ ಆಗಬಹುದಾದ ಶಿಕ್ಷೆಯ ಮಿತಿ ಎರಡೂವರೆ ಪಟ್ಟು ದೊಡ್ಡದು. ಕ್ರಿಮಿನಲ್ ಪ್ರಕರಣವಾಗಬೇಕಾದರೆ ನಿರ್ಲಕ್ಷ್ಯ ಘೋರ ಸ್ವರೂಪದ್ದಾಗಿರಬೇಕು, ಕ್ರಮ ಕೈಗೊಳ್ಳುವ ಮೊದಲು ತಜ್ಞ ವೈದ್ಯರ ಅಭಿಪ್ರಾಯ ಪಡೆಯಬೇಕು ಎಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹಾಕಿಕೊಟ್ಟ ರಕ್ಷಣೆಯೂ ವೈದ್ಯರನ್ನು ಮುಂದಿಟ್ಟುಕೊಂಡು ಬರೆದದ್ದು. ಈ ಅಸಮಾನತೆಯನ್ನು ಸರಿಪಡಿಸಬೇಕಾದದ್ದು ಸಂಸತ್ತು. ಯಾವ ವಿಮೆಯೂ ಶಿಕ್ಷೆಯನ್ನಾಗಲಿ ದಂಡವನ್ನಾಗಲಿ ಹೊರುವುದಿಲ್ಲ. ಕೆಲವು ಪಾಲಿಸಿಗಳು ಕ್ರಿಮಿನಲ್ ಪ್ರಕರಣದ ವಕೀಲರ ವೆಚ್ಚವನ್ನು ಸೇರಿಸಿಕೊಳ್ಳುತ್ತವೆ, ಕೆಲವು ಸೇರಿಸಿಕೊಳ್ಳುವುದಿಲ್ಲ. ಪಾಲಿಸಿ ಕೊಳ್ಳುವ ನರ್ಸ್ ಮೊದಲು ಹುಡುಕಬೇಕಾದ ಷರತ್ತು ಇದೇ ಎಂದು ನಾನು ಹೇಳುತ್ತೇನೆ.

ಇನ್ನು ಪಾಲಿಸಿಯ ಒಳಗಿನ ಕೆಲಸ ತಿಳಿಯದೆ ಕೊಂಡರೆ ಹಣ ಕಳೆದುಕೊಂಡಂತೆಯೇ. ವಾಹನದ ವಿಮೆಯಲ್ಲಿ ಅಪಘಾತವಾದ ದಿನ ಪಾಲಿಸಿ ಇದ್ದರೆ ಸಾಕು. ಇಂಡೆಮ್ನಿಟಿ ಪಾಲಿಸಿಗಳು ಸಾಮಾನ್ಯವಾಗಿ ಹಾಗಲ್ಲ. ದೂರು ಬಂದು ಅದನ್ನು ಕಂಪನಿಗೆ ತಿಳಿಸಿದ ದಿನ ಪಾಲಿಸಿ ಚಾಲ್ತಿಯಲ್ಲಿರಬೇಕು, ಘಟನೆಯೂ ಪಾಲಿಸಿಯಲ್ಲಿ ನಮೂದಾದ ಹಿಂದಿನ ಒಂದು ದಿನಾಂಕದ ಈಚೆಗೆ ನಡೆದಿರಬೇಕು. ಗ್ರಾಹಕ ಆಯೋಗದಲ್ಲಿ ದೂರು ಕೊಡಲು ಎರಡು ವರ್ಷಗಳ ಅವಧಿಯಿದೆ. ಈ ಎರಡನ್ನೂ ಜೊತೆಗಿಟ್ಟು ನೋಡಿ. ಒಂದು ಆಸ್ಪತ್ರೆಯಲ್ಲಿದ್ದಾಗ ನಡೆದ ಘಟನೆಗೆ, ನೀವು ಅಲ್ಲಿಂದ ಬಿಟ್ಟು, ಮದುವೆಯಾಗಿ, ಊರು ಬದಲಿಸಿ, ಒಂದೂವರೆ ವರ್ಷವಾದ ಮೇಲೆ ನೋಟಿಸ್ ಬರಬಹುದು. ಅಷ್ಟರಲ್ಲಿ ಹಳೆಯ ಆಸ್ಪತ್ರೆಯ ಪಾಲಿಸಿಯ ಪಟ್ಟಿಯಲ್ಲಿ ನಿಮ್ಮ ಹೆಸರು ಇರುವುದೋ ಇಲ್ಲವೋ, ಆ ಆಸ್ಪತ್ರೆಯೇ ಇರುವುದೋ ಇಲ್ಲವೋ. ಕೆಲಸ ಬಿಟ್ಟ ಮೇಲೂ ಕನಿಷ್ಠ ಎರಡು ವರ್ಷ ಸ್ವಂತ ಪಾಲಿಸಿಯನ್ನು ತಪ್ಪದೆ ನವೀಕರಿಸಬೇಕು. ನಡುವೆ ಒಂದು ವರ್ಷ ಬಿಟ್ಟು ಹೊಸದಾಗಿ ಕೊಂಡರೆ ಹಳೆಯ ದಿನಾಂಕದ ರಕ್ಷಣೆ ತಪ್ಪಿಹೋಗಬಹುದು. ಹೆರಿಗೆ ವಾರ್ಡಿನಲ್ಲಿಯೂ ಎನ್‌ಐಸಿಯುನಲ್ಲಿಯೂ ಇರುವವರಂತೂ ಈ ಮಾತನ್ನು ಮರೆಯಬಾರದು, ಏಕೆಂದರೆ ನವಜಾತ ಶಿಶುವಿಗಾದ ಹಾನಿ ಕಣ್ಣಿಗೆ ಕಾಣಿಸಿಕೊಳ್ಳುವುದೇ ಎಷ್ಟೋ ತಿಂಗಳುಗಳ ನಂತರ.

ತಪ್ಪನ್ನು ಒಪ್ಪಿಕೊಳ್ಳುವುದರ ಬಗ್ಗೆ ಇರುವ ಷರತ್ತನ್ನು ಕುರಿತು ಸ್ವಲ್ಪ ನಿಧಾನವಾಗಿ ಹೇಳಬೇಕು. ಕಂಪನಿಯ ಒಪ್ಪಿಗೆಯಿಲ್ಲದೆ ಹೊಣೆಯನ್ನು ಒಪ್ಪಿಕೊಳ್ಳಬಾರದು, ಪರಿಹಾರದ ಮಾತು ಕೊಡಬಾರದು ಎಂದು ಈ ಪಾಲಿಸಿಗಳಲ್ಲಿ ಬರೆದಿರುತ್ತದೆ. ಇದನ್ನು ಓದಿದ ಕಿರಿಯರು, ಹಾಗಾದರೆ ಇನ್ಸಿಡೆಂಟ್ ರಿಪೋರ್ಟ್ ಬರೆಯಬಾರದೇ, ರೋಗಿಯ ಕಡೆಯವರಿಗೆ ಏನೂ ಹೇಳಬಾರದೇ ಎಂದು ಗಾಬರಿಯಾಗುತ್ತಾರೆ. ಎಷ್ಟು ಗಂಟೆಗೆ ಏನು ಕಂಡಿತು, ಯಾರಿಗೆ ಫೋನ್ ಮಾಡಿದೆ, ಅವರು ಏನು ಹೇಳಿದರು, ನಾನು ಏನು ಮಾಡಿದೆ ಎಂದು ನಡೆದದ್ದನ್ನು ನಡೆದಂತೆ ಬರೆಯುವುದು ಹೊಣೆಯ ಒಪ್ಪಿಗೆಯಲ್ಲ. ಅದು ನಮ್ಮ ಕರ್ತವ್ಯ, ಮುಂದೆ ನಮ್ಮನ್ನು ಕಾಯುವ ದಾಖಲೆಯೂ ಅದೇ. "ನನ್ನ ನಿರ್ಲಕ್ಷ್ಯದಿಂದ ಹೀಗಾಯಿತು" ಎಂಬ ವಾಕ್ಯಕ್ಕೆ ಸಹಿ ಹಾಕುವುದು ಬೇರೆ. ನನ್ನ ಆ ಸಹೋದ್ಯೋಗಿ ಸಹಿ ಹಾಕಿದ್ದು ಈ ಎರಡನೆಯ ಬಗೆಯ ಕಾಗದಕ್ಕೆ. ಆ ರಾತ್ರಿಯ ನರ್ಸಸ್ ನೋಟ್ಸ್‌ನಲ್ಲಿ ಮೂವರು ರೋಗಿಗಳ ಹೊಣೆಯಿದೆ ಎಂಬುದನ್ನೂ, ಸೆಂಟ್ರಲ್ ಲೈನ್ ಬೇಕೆಂದು ಎರಡು ಸಲ ಹೇಳಿದ್ದನ್ನೂ ಅವಳು ಬರೆದಿರಲಿಲ್ಲ. ಬರೆಯಬೇಕೆಂದು ನಾನು ಅವಳಿಗೆ ಕಲಿಸಿರಲಿಲ್ಲ, ಆ ಭಾರ ನನ್ನ ಮೇಲಿದೆ.

ಒಂದು ಸತ್ಯವನ್ನು ಮರೆಮಾಚಬಾರದು. ಅವಳ ಬಳಿ ಇಂಡೆಮ್ನಿಟಿ ಪಾಲಿಸಿ ಇದ್ದಿದ್ದರೂ ಕಡಿತಗೊಂಡ ಸಂಬಳವಾಗಲಿ, ತಡೆಹಿಡಿದ ಅನುಭವ ಪತ್ರವಾಗಲಿ ಅದರಿಂದ ಸಿಗುತ್ತಿರಲಿಲ್ಲ. ಮೂರನೆಯವರು ಹೂಡುವ ದಾವೆಗೆ ಈ ವಿಮೆಯೇ ಹೊರತು ಮಾಲೀಕರೊಂದಿಗಿನ ಜಗಳಕ್ಕಲ್ಲ. ಆದರೆ ನೋಟಿಸ್ ಬಂದ ಕೂಡಲೇ ಕಂಪನಿಗೆ ತಿಳಿಸಬೇಕೆಂಬ ನಿಯಮವಿರುವುದರಿಂದ, ಸಹಿ ಹಾಕುವ ಮೊದಲು "ನನ್ನ ವಿಮಾ ಕಂಪನಿಗೆ ತೋರಿಸಿ ಬರುತ್ತೇನೆ" ಎಂದು ಹೇಳುವ ಅವಕಾಶವಾದರೂ ಅವಳಿಗೆ ಇರುತ್ತಿತ್ತು. ಇಪ್ಪತ್ತನಾಲ್ಕು ವರ್ಷದ, ಹಾಸ್ಟೆಲಿನಲ್ಲಿರುವ, ಬಾಂಡಿಗೆ ಸಹಿ ಹಾಕಿ ಮೂಲ ಅಂಕಪಟ್ಟಿಗಳನ್ನು ಆಸ್ಪತ್ರೆಗೆ ಒಪ್ಪಿಸಿರುವ ಹುಡುಗಿಗೆ ಆ ಒಂದು ವಾಕ್ಯ ಎಷ್ಟು ಬಲ ಕೊಡುತ್ತದೆಂಬುದನ್ನು ಆ ಕಚೇರಿಯ ಕುರ್ಚಿಯಲ್ಲಿ ಕುಳಿತವರೇ ಬಲ್ಲರು.

ಹೊರದೇಶಗಳಿಗೆ ಹೋದ ನಮ್ಮವರಿಗೆ ಇದು ಹೊಸದಲ್ಲ. ಬ್ರಿಟನ್ನಿನಲ್ಲಿ 2014ರ ಜುಲೈನಿಂದ ಪ್ರತಿಯೊಬ್ಬ ನೋಂದಾಯಿತ ನರ್ಸಿಗೂ ಇಂಥ ರಕ್ಷಣೆಯ ವ್ಯವಸ್ಥೆ ಇರಲೇಬೇಕೆಂಬ ಕಾನೂನಿದೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿರುವವರಿಗೆ ಅದನ್ನು ಉದ್ಯೋಗದಾತರೇ ಒದಗಿಸುತ್ತಾರೆ. ಮಂಗಳೂರು, ಉಡುಪಿಯ ಎಷ್ಟೋ ಮನೆಗಳ ಹೆಣ್ಣುಮಕ್ಕಳು ದುಡಿಯುವ ಸಂಯುಕ್ತ ಅರಬ್ ಸಂಸ್ಥಾನದಲ್ಲಿ, 2016ರ ವೈದ್ಯಕೀಯ ಹೊಣೆಗಾರಿಕೆ ಕಾನೂನಿನಂತೆ ವಿಮೆಯಿಲ್ಲದೆ ವೃತ್ತಿ ನಡೆಸುವಂತಿಲ್ಲ. ನರ್ಸ್ ತನ್ನ ಜೇಬಿನಿಂದ ಕೊಡಲಿ ಎಂದು ಸುಮ್ಮನೆ ಬಿಟ್ಟುಬಿಡುವುದು ನಮ್ಮಲ್ಲಿ ಮಾತ್ರ ಸಹಜವೆನಿಸಿದೆ.

ಆ ಜೇಬಿನ ಸ್ಥಿತಿಯನ್ನೂ ನೋಡಬೇಕು. ಸುಪ್ರೀಂ ಕೋರ್ಟಿನ ಸೂಚನೆಯಂತೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿಯು 2016ರಲ್ಲಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿಯೂ ನರ್ಸಿನ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದೆಂದು ಶಿಫಾರಸು ಮಾಡಿತ್ತು. ಅಷ್ಟನ್ನೂ ಕಾಣದೆ ದುಡಿಯುವವರು ನನಗೆ ಗೊತ್ತು. ಅಂಥವಳಿಗೆ ಪ್ರೀಮಿಯಂ ಕಟ್ಟು ಎಂದು ಉಪದೇಶ ಮಾಡಲು ನನ್ನ ಬಾಯಿ ಬರುವುದಿಲ್ಲ. ಐಸಿಯು, ಆಪರೇಷನ್ ಥಿಯೇಟರ್, ಹೆರಿಗೆ ವಾರ್ಡು, ಡಯಾಲಿಸಿಸ್ ಘಟಕಗಳಲ್ಲಿ ಇರುವ ಅನುಭವಿಗಳು ತಾವೇ ಕೊಳ್ಳಲಿ, ಮನೆ ಶುಶ್ರೂಷೆಗೆ ಹೋಗುವವರು ಕೊಳ್ಳಲೇಬೇಕು. ಹೊಸದಾಗಿ ಸೇರಿದವರು ಮಾತ್ರ ಮೊದಲು ಆಸ್ಪತ್ರೆಯನ್ನು ಲಿಖಿತವಾಗಿ ಕೇಳಲಿ ಎಂಬುದು ನಾನು ತಲುಪಿರುವ ನಿಲುವು. ಆಸ್ಪತ್ರೆಯ ಪಾಲಿಸಿಯಲ್ಲಿ ನರ್ಸುಗಳು ಹೆಸರಿನಿಂದಲೋ ಹುದ್ದೆಯಿಂದಲೋ ಸೇರಿದ್ದಾರೆಯೇ, ನಮ್ಮಿಂದ ವಸೂಲು ಮಾಡುವ ಹಕ್ಕನ್ನು ಕಂಪನಿ ಬಿಟ್ಟುಕೊಟ್ಟಿದೆಯೇ, ಹಿತಾಸಕ್ತಿಗಳು ಬೇರೆಯಾದಾಗ ನಮಗೆ ಪ್ರತ್ಯೇಕ ವಕೀಲರು ಸಿಗುತ್ತಾರೆಯೇ ಎಂದು ಕೇಳಬೇಕು. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿಯನ್ನು ಸದಾ ಚಾಲ್ತಿಯಲ್ಲಿಟ್ಟುಕೊಳ್ಳಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅದಿಲ್ಲದವರ ಪರವಾಗಿ ಯಾವ ಪಾಲಿಸಿಯೂ ನಿಲ್ಲುವುದಿಲ್ಲ.

ನಾನು ಈಗ ಕೆಲಸ ಮಾಡುವ ಕಡೆ ಇದೇ ಪ್ರಶ್ನೆಗಳನ್ನು ಬರೆದು, ವಾರ್ಡಿನ ಹನ್ನೊಂದು ಮಂದಿ ಸಹಿ ಹಾಕಿ, ನರ್ಸಿಂಗ್ ಸೂಪರಿಂಟೆಂಡೆಂಟ್ ಮೂಲಕ ಆಡಳಿತಕ್ಕೆ ಕಳಿಸಿದೆವು. ಎರಡು ತಿಂಗಳು ಉತ್ತರ ಬರಲಿಲ್ಲ, ಮತ್ತೆ ಬರೆದೆವು. ಕಳೆದ ನವೀಕರಣದಲ್ಲಿ ಐಸಿಯು ಮತ್ತು ಥಿಯೇಟರಿನ ನರ್ಸುಗಳ ಹೆಸರುಗಳನ್ನು ಪಾಲಿಸಿಗೆ ಸೇರಿಸಿ, ಆ ಪುಟದ ಪ್ರತಿಯನ್ನು ನಮಗೆ ಕೊಟ್ಟಿದ್ದಾರೆ. ಪ್ರತ್ಯೇಕ ವಕೀಲರ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ, ಆದ್ದರಿಂದ ನನ್ನ ಸ್ವಂತ ಪಾಲಿಸಿಯನ್ನು ಈ ವರ್ಷವೂ ನವೀಕರಿಸಿದ್ದೇನೆ.